ಹಿಮದಲ್ಲಿ ನಿಂತು ಕೇಳಿದ ಭಾಷಣ

ಇಲ್ಲಿ ಅಮೆರಿಕದಲ್ಲಿ ಸಿಟಿಜನ್‌ಶಿಪ್ ಪರೀಕ್ಷೆಗೆ ಓದಿದವರಿಗೆ ಆ ಪ್ರಶ್ನೆ ನೆನಪಿರಬಹುದು: ಸಂವಿಧಾನದ ಮೊದಲ ಹತ್ತು ತಿದ್ದುಪಡಿಗಳಿಗೆ ಏನಂತಾರೆ? ‘ಬಿಲ್ ಆಫ್ ರೈಟ್ಸ್’ (ಹಕ್ಕುಗಳ ಪಟ್ಟಿ) ಅಂತ ಬಾಯಿಪಾಠ ಒಪ್ಪಿಸಿ ಬಂದಿದ್ದೇವೆ. ಅದರ ಹಿಂದೆ ವರ್ಜೀನಿಯಾದ ಒಂದು ಜಿದ್ದಾಜಿದ್ದಿ ಚುನಾವಣೆ ಇದೆ. ಈ ಸಲ ಅದನ್ನೇ ಹೇಳಬೇಕು ಅನ್ನಿಸಿತು.

ಮೊದಲ ಕಾಂಗ್ರೆಸ್‌ಗೆ, ಅಂದರೆ ಇಲ್ಲಿನ ಸಂಸತ್ತಿಗೆ, 1788-89ರಲ್ಲಿ ಚುನಾವಣೆ ನಡೆದಾಗ ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ. ಪೆನ್ಸಿಲ್ವೇನಿಯಾದಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ. ಮ್ಯಾಸಚೂಸೆಟ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಬರದಿದ್ದರೆ ಮತ್ತೆ ಮತದಾನ, ಒಂದು ಕಡೆ ಐದು ಸುತ್ತು ಆಯಿತು.

ವರ್ಜೀನಿಯಾದ ಶಾಸನಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಹೇಳಿದ್ದೇ ಮಾತು. ಅವರಿಗೆ ಹೊಸ ಸಂವಿಧಾನ ಹಿಡಿಸಿರಲಿಲ್ಲ. ಅದಕ್ಕಾಗಿ ದುಡಿದ ಜೇಮ್ಸ್ ಮ್ಯಾಡಿಸನ್‌ಗೆ ಮೊದಲು ಕಾಂಗ್ರೆಸ್‌ನ ಮೇಲ್ಮನೆಯಾದ ಸೆನೆಟ್‌ನ ಸ್ಥಾನ ತಪ್ಪಿತು, ಆಮೇಲೆ ಅವರ ಊರನ್ನು ಸಂವಿಧಾನದ ವಿರೋಧಿಗಳು ಜಾಸ್ತಿ ಇದ್ದ ಕೌಂಟಿಗಳ ಜೊತೆ ಸೇರಿಸಿ ಕ್ಷೇತ್ರ ಮಾಡಿದರು. ಎದುರಿಗೆ ನಿಂತವರು ಸ್ನೇಹಿತರೇ ಆದ ಜೇಮ್ಸ್ ಮನ್ರೋ.

ಜನವರಿಯ ಕೊರೆಯುವ ಚಳಿ. ಕಲ್ಪೆಪರ್ ಕಡೆ ಜರ್ಮನ್ ರೈತರ ಒಂದು ಚರ್ಚ್, ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಪಿಟೀಲು ನುಡಿಸಿದರು, ಆಮೇಲೆ ಜನರೆಲ್ಲ ಹೊರಗೆ ಹಿಮದಲ್ಲಿ ನಿಂತು ಮ್ಯಾಡಿಸನ್, ಮನ್ರೋ ಇಬ್ಬರ ವಾದವನ್ನೂ ಕುಸ್ತಿ ನೋಡುವವರ ಹಾಗೆ ತಾಳ್ಮೆಯಿಂದ ಕೇಳಿದರು. ಅವತ್ತು ರಾತ್ರಿ ಕುದುರೆ ಮೇಲೆ ಹನ್ನೆರಡು ಮೈಲಿ ಹೋಗುವಾಗ ಮ್ಯಾಡಿಸನ್ ಮೂಗಿಗೆ ಹಿಮ ಕಚ್ಚಿತು. ಮುದುಕರಾದ ಮೇಲೂ ಆ ಕಲೆ ಇತ್ತು, ಅದರ ಕತೆ ಹೇಳುತ್ತಿದ್ದರು.

ಆ ಭಾಗದ ಬ್ಯಾಪ್ಟಿಸ್ಟರು, ಅಂದರೆ ಕ್ರೈಸ್ತರಲ್ಲೇ ಒಂದು ಪಂಥದವರು, ಪಟ್ಟ ಪಾಡು ಸಣ್ಣದಲ್ಲ. ಬೋಧನೆ ಮಾಡಿದ ತಪ್ಪಿಗೇ ಅವರ ಬೋಧಕರನ್ನು ಹಿಂದೆ ಜೈಲಿಗೆ ಹಾಕಿದ್ದರು. ಹೊಸ ಸರ್ಕಾರದಲ್ಲಿ ನಮ್ಮ ಧರ್ಮಕ್ಕೆ ರಕ್ಷಣೆ ಎಲ್ಲಿದೆ ಅನ್ನುವುದೇ ಅವರ ಚಿಂತೆ. ತಿದ್ದುಪಡಿ ಈಗ ಬೇಡ ಅನ್ನುತ್ತಿದ್ದ ಮ್ಯಾಡಿಸನ್, ಗೆದ್ದರೆ ತರುತ್ತೇನೆ ಅಂತ ಅವರ ಬೋಧಕರೊಬ್ಬರಿಗೆ ಪತ್ರ ಬರೆದರು. ಮತಕ್ಕಾಗಿ ಮಾತು ಬದಲಿಸಿದರು ಅಂತ ಅನ್ನಬಹುದು. ಜನ ಕೇಳಿದ್ದಕ್ಕೆ ಕಿವಿಗೊಟ್ಟರು ಅಂತಲೇ ನನಗೆ ಕಾಣುವುದು.

1789ರ ಫೆಬ್ರವರಿ 2ರಂದು ಮತದಾನ. ಚೀಟಿ ಇಲ್ಲ, ಎಲ್ಲರೆದುರು ಹೆಸರು ಕೂಗಿ ಹೇಳಬೇಕು. ಅದೂ ಆಸ್ತಿ ಇದ್ದ ಬಿಳಿಯ ಗಂಡಸರು ಮಾತ್ರ. ಹೆಂಗಸರಿಗೆ, ಗುಲಾಮರಿಗೆ ಹಕ್ಕಿಲ್ಲ, ಇದನ್ನು ಬಿಟ್ಟು ಈ ಕತೆ ಹೇಳಬಾರದು. ಮ್ಯಾಡಿಸನ್‌ಗೆ 1308 ಮತ, ಮನ್ರೋಗೆ 972.

ಜೂನ್ 8ರಂದು ನ್ಯೂಯಾರ್ಕ್‌ನಲ್ಲಿ ಕಾಂಗ್ರೆಸ್ ಸಭೆ ನಡೆದಾಗ ಹಲವರು ‘ಇದಕ್ಕೇನು ಅವಸರ, ಮೊದಲು ಸುಂಕದ ಕೆಲಸ ಮುಗಿಸೋಣ’ ಅಂದರು. ಮ್ಯಾಡಿಸನ್ ಬಿಡಲಿಲ್ಲ. ಎದ್ದು ನಿಂತು ತಿದ್ದುಪಡಿಗಳನ್ನು ಮಂಡಿಸಿದರು.