ಸಿಟ್‌ಗ್ರೀವ್ಸ್ ಘಾಟಿಯಲ್ಲಿ ಪಿಕಪ್ ನಿಲ್ಲಿಸಿದ ಹಿರಿಯರಿಗೆ

ಅಮೆರಿಕದ ಹಳೇ ಹೆದ್ದಾರಿ ರೂಟ್ 66ರಲ್ಲಿ, ಅರಿಜೋನಾದ ಕಿಂಗ್‌ಮನ್‌ನಿಂದ ಓಟ್‌ಮನ್‌ಗೆ ಹೋಗುವ ಏರಿನಲ್ಲಿ, ಬಾನೆಟ್‌ನಿಂದ ಹಬೆ ಏಳುತ್ತಿದ್ದ ಕಾರು ಕಂಡು ನಿಂತ ಹಿರಿಯರಿಗೆ ನಾವಿಬ್ಬರೂ, ಗಂಡ ಹೆಂಡತಿ, ಋಣಿಗಳು. ಹೆಸರು ಕೇಳಿದರೆ ನಕ್ಕು ಕೈ ಬೀಸಿದಿರಿ.

ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ ಎಂದು ಮೊದಲೇ ತಡೆದಿರಲ್ಲ, ದೊಡ್ಡ ಉಪಕಾರ ಅದೇ. ಬಿಸಿಯಿದ್ದಾಗ ತೆರೆದರೆ ಕುದಿನೀರು ನೇರ ಮುಖಕ್ಕೆ. ಮುಕ್ಕಾಲು ಗಂಟೆ ಬಿಟ್ಟು, ಮೇಲಿನ ಹೋಸ್ ಹಿಂಡಿ ನೋಡಿ, ಅದು ಮೆತ್ತಗಾದ ಮೇಲೆಯೇ ದಪ್ಪ ಬಟ್ಟೆ ಹಾಕಿ ತಿರುಗಿಸಿದಿರಿ. ದೋಷ ಇದ್ದದ್ದು ಮುಚ್ಚಳದ ರಬ್ಬರ್ ವಾಷರ್‌ನಲ್ಲಿ, ಕೂದಲೆಳೆಯ ಬಿರುಕು. ಮುಚ್ಚಳ 15 ಪಿಎಸ್‌ಐ ಒತ್ತಡ ಹಿಡಿದಿಟ್ಟರೆ ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಸುಮಾರು 25 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೂ ಕುದಿಯುವುದಿಲ್ಲ. ಒತ್ತಡ ಸೋರಿದರೆ ಮರುಭೂಮಿಯ ಏರಿನಲ್ಲಿ ಕುದಿಯದೆ ಇನ್ನೇನು? ಅದೇ ಅಳತೆಯ ಮುಚ್ಚಳ ನಿಮ್ಮ ಪೆಟ್ಟಿಗೆಯಲ್ಲೇ ಇತ್ತು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಎರಡು ಲೀಟರ್ ಸುರಿದಿರಿ. ಹೀಟರ್ ಪೂರ್ತಿ ತಿರುಗಿಸಿ ಇಂಜಿನ್ ಓಡಿಸಿ, ಗಾಳಿಗುಳ್ಳೆ ಹೋದ ಮೇಲೆ ಮತ್ತಷ್ಟು ತುಂಬಿಸಿದಿರಿ. ಈ ಕೊನೆಯ ಹಂತ ಬಿಟ್ಟವರೇ ಮುಂದಿನ ತಿರುವಿನಲ್ಲಿ ಮತ್ತೆ ನಿಲ್ಲುವುದು.

ಹತ್ತುವಾಗ ಎಸಿ ಬಂದ್. ಇಳಿಯುವಾಗ ಎರಡನೇ ಗೇರ್, ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬಾರದು. ನೀವು ಹೇಳಿದಂತೆಯೇ ಓಟ್‌ಮನ್ ತಲುಪಿದೆವು. ಹಳೇ ಫೋರ್ಡ್ ಮಾಡೆಲ್ ಟಿಗಳು ಇಂಥ ಏರನ್ನು ರಿವರ್ಸ್‌ನಲ್ಲಿ ಹತ್ತುತ್ತಿದ್ದವಂತೆ. ಪೆಟ್ರೋಲಿಗೆ ಪಂಪಿಲ್ಲ, ಟ್ಯಾಂಕ್ ಇಂಜಿನ್‌ಗಿಂತ ಮೇಲಿದ್ದರಷ್ಟೇ ಇಳಿಯುತ್ತಿತ್ತು! ಆ ಮಾತಿಗೂ ಧನ್ಯವಾದ. ಒಂದು ಹೆಚ್ಚುವರಿ ಮುಚ್ಚಳ ಈಗ ನಮ್ಮ ಡಿಕ್ಕಿಯಲ್ಲೂ ಇದೆ.