ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಆದೇಶ ಹೊರಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರಿಗೆ,

ನಮಸ್ಕಾರ.

ಕೋವಿಡ್ ಗಲಾಟೆ ಮುಗಿದು ಇಷ್ಟು ದಿನ ಆದಮೇಲೆ ಈ ಪತ್ರ ಯಾಕೆ ಅಂತ ನಿಮಗೆ ಅನಿಸಬಹುದು. ರೋಗ ಜೋರಾಗಿರುವಾಗ ಆರೋಗ್ಯ ಸಿಬ್ಬಂದಿಯ ಕಷ್ಟ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಈಗ ಇದೆ, ಅಲ್ವಾ? ಆ ಸಿಬ್ಬಂದಿಯ ವಿಶ್ರಾಂತಿಗೆ ಒಂದು ಆದೇಶ ಕೇಳಲು ಬರೆಯುತ್ತಿದ್ದೇನೆ.

2020ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ಕೋವಿಡ್ ಪರೀಕ್ಷೆಯ ಟಾರ್ಗೆಟ್ ಮುಟ್ಟಿಸಲೇಬೇಕು ಎಂಬ ಒತ್ತಡ ಅವರ ಮೇಲಿತ್ತು ಎಂದು ಜೊತೆಯ ವೈದ್ಯರು ದೂರಿದರು, ಮೈಸೂರಿನಲ್ಲಿ ಪ್ರತಿಭಟನೆಗೆ ಇಳಿದರು. ಒಂದು ಸಾವಿಗೆ ಒಂದೇ ಕಾರಣ ಕಟ್ಟುವುದು ಸರಿಯಲ್ಲ. ಆದರೆ ಆ ದೂರು ಸುಮ್ನೆ ಹುಟ್ಟಿದ್ದಲ್ಲ. ಸಿಬ್ಬಂದಿ ಎಷ್ಟಿದ್ದಾರೆ ಎಂದು ನೋಡದೆ ಮೇಲಿನಿಂದ ಸಂಖ್ಯೆ ಕಳಿಸಿದರೆ, ಕೆಳಗಿನವರು ನಿದ್ದೆ ಬಿಟ್ಟು ಅದನ್ನು ತುಂಬಬೇಕಾಗುತ್ತದೆ.

ಕ್ವಾರಂಟೈನ್ ವಿಷಯವನ್ನೇ ನೋಡಿ. ಸೋಂಕಿತರ ನಡುವೆ ಕೆಲಸ ಮಾಡಿದವರು ಪ್ರತ್ಯೇಕವಾಗಿ ಇರುವ ದಿನಗಳನ್ನು ರಜೆ ಎಂದು ಕಡಿತ ಮಾಡಬಾರದು, ಕರ್ತವ್ಯ ಎಂದೇ ಲೆಕ್ಕ ಹಿಡಿಯಬೇಕು ಎಂಬ ಮಾತು ಬರಲು ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು. ಅದೂ 2020ರ ಜುಲೈ ಕೊನೆಗೆ.

ನನ್ನ ಅಮ್ಮ ಆಶಾ ಕಾರ್ಯಕರ್ತೆ. ಅವರಂಥವರಿಗೆ ಆ ಮಾತಿನಿಂದಲೂ ಏನೂ ದಕ್ಕಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಆಶಾ ಅಂದರೆ ಸ್ವಯಂಸೇವಕಿ. ರಜೆಯೇ ಇಲ್ಲದವರಿಗೆ ರಜೆ ಕಡಿತ ಇಲ್ಲ ಅಂದರೆ ಏನು ಬಂತು? ಪಲ್ಸ್ ಆಕ್ಸಿಮೀಟರ್ ಹಿಡಿದು ಮನೆಮನೆ ಸರ್ವೆ ಮುಗಿಸಿ ಬಂದು, ಹಿತ್ತಲಲ್ಲಿ ಸ್ನಾನ ಮಾಡಿ, ಬೇರೆ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಬೆಂಗಳೂರಿನಿಂದ ಊರಿಗೆ ಮರಳಿದವರ ಹೆಸರು ಬರೆದುಕೊಳ್ಳಲು ಹೋದರೆ, 'ನೀನೇ ಊರಿಗೆಲ್ಲ ರೋಗ ಹಂಚ್ತಿದ್ದೀಯ' ಎಂದು ಬೈಸಿಕೊಳ್ಳುತ್ತಿದ್ದರು. ಬೆಂಗಳೂರಿನ ಹೆಗಡೆ ನಗರದ ಬಳಿ ಸರ್ವೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯೇ ಆಯಿತು. ಅದೇ ಜುಲೈನಲ್ಲಿ ಆಶಾಗಳು ಮಾಸ್ಕು, ಸ್ಯಾನಿಟೈಸರ್, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. ಆದರೂ 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಫ್ರೀಡಂ ಪಾರ್ಕ್‌ನಲ್ಲಿ ಮಲಗಬೇಕಾಯಿತು. ಆಗ ಮುಖ್ಯಮಂತ್ರಿಗಳು ಕನಿಷ್ಠ 10,000 ರೂಪಾಯಿಯ ಭರವಸೆ ಕೊಟ್ಟರು.

ಹಲ್ಲೆ ಮಾಡಿದವರನ್ನು ಶಿಕ್ಷಿಸಲು 2020ರಲ್ಲೇ ಕಾಯ್ದೆ ತಿದ್ದುಪಡಿ ಆಯಿತು. ಒಳ್ಳೆಯದು. ಸಿಬ್ಬಂದಿಯ ವಿಶ್ರಾಂತಿಗೂ ಅಂಥದೇ ಗಟ್ಟಿ ಆದೇಶ ಬೇಕು. ಸಾಂಕ್ರಾಮಿಕ ಘೋಷಣೆಯಾದ ದಿನವೇ ಅದು ತಾನಾಗಿ ಜಾರಿಗೆ ಬರಬೇಕು. ಸತತ ಎಷ್ಟು ದಿನ ಡ್ಯೂಟಿ, ಆಮೇಲೆ ಎಷ್ಟು ದಿನ ಬಿಡುವು ಎಂದು ಅದರಲ್ಲಿ ಬರೆದಿರಲಿ. ಹುಷಾರು ತಪ್ಪಿದ ದಿನಗಳಿಗೂ ಹಣ ಸಿಗಲಿ. ಕಾಯಂ ನೌಕರರಿಗೆ ಮಾತ್ರ ಅಲ್ಲ, ಗುತ್ತಿಗೆ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಆಂಬುಲೆನ್ಸ್ ಚಾಲಕ, ವಾರ್ಡ್ ಸ್ವಚ್ಛ ಮಾಡುವವರು, ಆಶಾ, ಎಲ್ಲರಿಗೂ. ಟಾರ್ಗೆಟ್ ಕೊಡುವ ಅಧಿಕಾರಿ ಅದಕ್ಕೆ ಬೇಕಾದ ಜನರನ್ನೂ ಕೊಡಬೇಕು ಎಂಬ ಸಾಲು ತಪ್ಪದೇ ಇರಲಿ.

ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಆದರೆ ದಿನವಿಡೀ ಪಿಪಿಇ ಕಿಟ್‌ನಲ್ಲಿ ಬೆಂದವರು ಫೋನ್ ಎತ್ತುವುದು ಯಾವಾಗ? ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ನಮ್ಮಲ್ಲೇ ಹುಟ್ಟಿದ ಆ ವ್ಯವಸ್ಥೆಯ ಆಪ್ತ ಸಮಾಲೋಚಕರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಬಂದು ಸಿಬ್ಬಂದಿಯ ಜೊತೆ ಕೂರಲಿ, ಡ್ಯೂಟಿ ಸಮಯದಲ್ಲೇ.

ಕರಡು ತಯಾರಿಸುವಾಗ ಕೆಳಹಂತದ ಸಿಬ್ಬಂದಿಯನ್ನೂ ಮಾತಿಗೆ ಕರೆಯಿರಿ. ಮುಂದಿನ ಬಜೆಟ್‌ಗೆ ಮೊದಲೇ ಆದೇಶ ಹೊರಬೀಳಲಿ, ಹಣವನ್ನೂ ತೆಗೆದಿಡಿ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ವಂದನೆಗಳೊಂದಿಗೆ,
ಕರ್ನಾಟಕದ ಒಬ್ಬ ಮತದಾರಳು