ಎರವಲು ಶೂ ಕೊಟ್ಟ ಆ ಪುಣ್ಯಾತ್ಮನಿಗೂ ಸೇರಿ, ಎಲ್ಲರಿಗೂ ಥ್ಯಾಂಕ್ಸ್

ಭಾನುವಾರ ನಮ್ಮ ತಾಲೂಕು ಕ್ರೀಡಾಂಗಣದಲ್ಲಿ ಕೀನ್ಯಾದ ಮ್ಯಾರಥಾನ್ ಓಟಗಾರ ಕೆಲ್ವಿನ್ ಕಿಪ್ಟಮ್ ನೆನಪಿಗೆ ನಡೆದ ರಿಲೇ ಓಟಕ್ಕೆ ಬಂದವರಿಗೆ, ಓಡಿದವರಿಗೆ, ಓಡದಿದ್ದರೂ ಬಿಸಿಲಲ್ಲಿ ನಿಂತು ಚಪ್ಪಾಳೆ ಹೊಡೆದವರಿಗೆ, ದೂರದಲ್ಲಿದ್ದುಕೊಂಡೇ ನಮ್ಮೂರ ಮಕ್ಕಳ ಓಟದ ಶೂಗೆ ದುಡ್ಡು ಕಳಿಸಿದವರಿಗೆ ತುಂಬಾ ಥ್ಯಾಂಕ್ಸ್. ಇಷ್ಟು ಜನ ಬರುತ್ತೀರಿ ಅಂತ ನಮ್ಮ ಓಟದ ಗುಂಪಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಮನಸ್ಸು ತುಂಬಿ ಬಂದಿದೆ. ಎಲ್ಲರಿಗೂ ಒಟ್ಟಿಗೆ ಹೇಳೋಣ ಅಂತ ಬರೆಯುತ್ತಿದ್ದೇನೆ.

ಅವತ್ತು ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ಕೀನ್ಯಾದ ಹುಡುಗನಿಗೆ ನಮ್ಮೂರಲ್ಲಿ ಯಾಕೆ ಓಟ? ನಮ್ಮವರೇ ಯಾರೂ ಸಿಗಲಿಲ್ವಾ? ನ್ಯಾಯವಾದ ಪ್ರಶ್ನೆಯೇ. ಮೈಕಿನಲ್ಲಿ ಎರಡು ಮಾತಿಗೆ ಮುಗಿಸಬೇಕಿತ್ತು, ಇಲ್ಲಿ ಪೂರ್ತಿ ಹೇಳುತ್ತೇನೆ.

ಕಿಪ್ಟಮ್ ಹುಟ್ಟಿದ್ದು 1999ರ ಡಿಸೆಂಬರ್ 2ಕ್ಕೆ, ಕೀನ್ಯಾದ ಎಲ್ಗೆಯೊ ಮರಕ್ವೆಟ್ ಅನ್ನೋ ಕಡೆ, ಚೆಪ್ಕೊರಿಯೊ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಅಮ್ಮನಿಗೆ ಒಬ್ಬನೇ ಮಗ. ಆ ಸೀಮೆಯೇ ಎತ್ತರದ್ದು, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ಅಲ್ಲಿ ಊರು, ಹೊಲ, ಶಾಲೆ ಎಲ್ಲಾ ಇವೆ. ಜಗತ್ತಿನ ಎಲ್ಲೆಲ್ಲಿಂದಲೋ ಓಟಗಾರರು ತರಬೇತಿಗೆ ಅಂತ ಅಲ್ಲಿಗೆ ಬರುತ್ತಾರೆ. ಈ ಹುಡುಗ ದನ ಕುರಿ ಕಾಯುತ್ತಿದ್ದ. ಅಪ್ಪನ ಜಮೀನಿನ ಹತ್ತಿರ ಓಟಗಾರರು ಪ್ರಾಕ್ಟೀಸ್ ಮಾಡುವಾಗ ಬರಿಗಾಲಲ್ಲಿ ಅವರ ಹಿಂದೆ ಬೀಳುತ್ತಿದ್ದ. ಆ ಓಟಗಾರರಲ್ಲಿ ಒಬ್ಬರು ರುವಾಂಡಾದ ಜರ್ವೇಸ್ ಹಕಿಜಿಮಾನ. ಹುಡುಗ ಹಿಮ್ಮಡಿಗೇ ಬಂದು ಕಾಟ ಕೊಡುತ್ತಿದ್ದ, ನಾನು ಅಟ್ಟಿಸಿಕೊಂಡು ಹೋಗಿ ಓಡಿಸುತ್ತಿದ್ದೆ, ಈಗ ಅವನ ಸಾಧನೆಗೆ ನಾನೇ ಋಣಿ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದರು. ಯಾಕಂದರೆ ಆಮೇಲೆ ಅದೇ ಹುಡುಗನಿಗೆ ಅವರೇ ಕೋಚ್ ಆದರು.

ಅಪ್ಪನಿಗೆ ಮಗ ಎಲೆಕ್ಟ್ರಿಷಿಯನ್ ಡಿಪ್ಲೊಮಾ ಮಾಡಿಕೊಳ್ಳಲಿ ಅಂತ ಆಸೆ ಇತ್ತು. ಇದನ್ನು ಓದಿದಾಗ ನಮ್ಮೂರಿನ ಎಷ್ಟೋ ಮನೆ ಕಣ್ಣ ಮುಂದೆ ಬಂತು. ಓಟ ಗೀಟ ಎಲ್ಲಾ ಆಮೇಲೆ, ಮೊದಲು ಐಟಿಐ ಮುಗಿಸು ಅನ್ನೋ ಅಪ್ಪಂದಿರನ್ನು ನಾನು ಬೈಯುವುದಿಲ್ಲ. ಅವರ ಭಯ ಅವರಿಗೆ. ಆ ತಂದೆಗೂ ಇದ್ದಿದ್ದು ಅದೇ ಭಯ ಇರಬೇಕು. ಮಗ ಮಾತ್ರ ಓಟ ಬಿಡಲಿಲ್ಲ.

2018ರಲ್ಲಿ ಅವನು ಮೊದಲ ದೊಡ್ಡ ಓಟಕ್ಕೆ ಇಳಿದಾಗ ಕಾಲಲ್ಲಿ ಇದ್ದದ್ದು ಎರವಲು ಶೂ. ಸ್ವಂತದ್ದು ಕೊಳ್ಳೋಕೆ ದುಡ್ಡಿರಲಿಲ್ಲ. ನಮ್ಮ ಓಟಕ್ಕೆ ಕಾರಣ ಇದೇ. ಈ ವಿಷಯ ಗೊತ್ತಾದ ಮೇಲೆ ನನಗೆ ಅವನ ದಾಖಲೆಗಿಂತ ಆ ಶೂ ಕೊಟ್ಟವರು ಯಾರು ಅನ್ನೋದೇ ತಲೆಯಲ್ಲಿ ಕೂತುಬಿಟ್ಟಿತು. ಗೆಳೆಯನೋ, ಪಕ್ಕದ ಊರಿನವನೋ, ಜೊತೆಗೆ ಓಡುತ್ತಿದ್ದವನೋ? ಅವತ್ತು ಅವರು "ನಂದು ಹಾಳಾಗುತ್ತೆ, ಕೊಡಲ್ಲ" ಅಂದಿದ್ದರೆ? ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನಾನು ಇಲ್ಲಿ ಥ್ಯಾಂಕ್ಸ್ ಹೇಳಲೇಬೇಕಾದವರಲ್ಲಿ ಮೊದಲನೆಯವರು ಅವರೇ.

ಮುಂದಿನದು ಬಹಳ ಬೇಗ ನಡೆದುಹೋಯಿತು. 2022ರ ಡಿಸೆಂಬರಿನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಅವನು ಜೀವನದ ಮೊದಲ ಮ್ಯಾರಥಾನ್, ಅಂದರೆ 42 ಕಿಲೋಮೀಟರ್ ಚಿಲ್ಲರೆಯ ಓಟ, ಓಡಿದ. 2 ಗಂಟೆ 1 ನಿಮಿಷ 53 ಸೆಕೆಂಡು. ಮೊದಲ ಮ್ಯಾರಥಾನನ್ನು ಅಷ್ಟು ಬೇಗ ಅದುವರೆಗೆ ಯಾರೂ ಮುಗಿಸಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಲಂಡನ್, ಮಳೆಗೆ ನೆಂದ ರಸ್ತೆ, 2:01:25. ಅಲ್ಲಿ ಕೀನ್ಯಾದವರೇ ಆದ ಎಲಿಯುಡ್ ಕಿಪ್‌ಚೋಗೆ ಹೆಸರಲ್ಲಿದ್ದ ಲಂಡನ್ ಓಟದ ದಾಖಲೆಯನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಕೆಳಗಿಳಿಸಿದ. ಆಮೇಲೆ ಅಕ್ಟೋಬರ್ 8ಕ್ಕೆ ಶಿಕಾಗೊ. 2:00:35, ವಿಶ್ವದಾಖಲೆ. ಕಿಪ್‌ಚೋಗೆಯ ಹಳೇ ವಿಶ್ವದಾಖಲೆ 2:01:09 ಇತ್ತು. ಅಧಿಕೃತ ಮ್ಯಾರಥಾನ್‌ನಲ್ಲಿ 2 ಗಂಟೆ 1 ನಿಮಿಷದ ಒಳಗೆ ಓಡಿದ ಮೊದಲ ಮನುಷ್ಯ ಕಿಪ್ಟಮ್. ಓಡಿದ್ದು ಮೂರೇ ಮ್ಯಾರಥಾನ್, ಮೂರನ್ನೂ ಗೆದ್ದ.

ಓಡುವವರಿಗೆ ಇದರಲ್ಲಿ ಇನ್ನೊಂದು ವಿಷಯ ಮುಖ್ಯ. ಮ್ಯಾರಥಾನ್‌ನಲ್ಲಿ 30 ಕಿಲೋಮೀಟರ್ ದಾಟಿದ ಮೇಲೆ ಎಂಥವರ ಕಾಲೂ ಸೀಸ ಕಟ್ಟಿದ ಹಾಗೆ ಆಗುತ್ತದೆ. ಮೈಯಲ್ಲಿ ಕೂಡಿಟ್ಟ ಶಕ್ತಿ ಅಲ್ಲಿಗೆ ಖಾಲಿಯಾಗುತ್ತಾ ಬಂದಿರುತ್ತದೆ, ಉಳಿದದ್ದನ್ನು ಹೇಗೋ ಎಳೆದುಕೊಂಡು ಹೋಗುವುದು. ಇವನು ಅಲ್ಲಿಂದಲೇ ಶುರು ಮಾಡುತ್ತಿದ್ದ. ಶಿಕಾಗೊದಲ್ಲಿ ಮೊದಲ ಅರ್ಧಕ್ಕೆ 60 ನಿಮಿಷ 48 ಸೆಕೆಂಡು, ಎರಡನೇ ಅರ್ಧಕ್ಕೆ 59 ನಿಮಿಷ 47 ಸೆಕೆಂಡು. 30ರಿಂದ 35ನೇ ಕಿಲೋಮೀಟರಿನ ತನಕ 13 ನಿಮಿಷ 51 ಸೆಕೆಂಡು. ಅದುವರೆಗೂ ಜೊತೆಯಲ್ಲಿದ್ದ ಡೇನಿಯಲ್ ಮಟೆಯ್ಕೊ ಹಿಂದೆ ಬಿದ್ದ ಮೇಲೆ ಅವನು ಒಬ್ಬನೇ ಆಗಿಬಿಟ್ಟ. ಮುಂದೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಆದರೂ ವೇಗ ಇಳಿಯಲಿಲ್ಲ. ಕೊನೆಯಲ್ಲಿ ಜನರ ಕಡೆ ಕೈ ತೋರಿಸಿ ಮುತ್ತು ತೂರುತ್ತಾ ಗೆರೆ ದಾಟಿದ. ಇವತ್ತು ದಾಖಲೆ ಮಾಡಬೇಕು ಅಂತ ಬಂದಿರಲಿಲ್ಲ, ಆದರೆ ಒಂದು ದಿನ ಮಾಡುತ್ತೇನೆ ಅಂತ ಗೊತ್ತಿತ್ತು ಅಂತ ಆಮೇಲೆ ಹೇಳಿದ. ಆ ಕೊನೆಯ ಭಾಗದ ವಿಡಿಯೋ ನೋಡಿ, ಭುಜ ಒಂಚೂರೂ ಬಿಗಿದಿಲ್ಲ.

ಟಿವಿಯಲ್ಲಿ ನೋಡಿದರೆ ಆ ವೇಗ ಗೊತ್ತಾಗುವುದಿಲ್ಲ, ಸುಮ್ನೆ ಆರಾಮಾಗಿ ಓಡುತ್ತಿದ್ದಾನೆ ಅನ್ನಿಸುತ್ತದೆ. ಅದಕ್ಕೇ ರಿಲೇ ಇಟ್ಟಿದ್ದು. 400 ಮೀಟರಿನ ಟ್ರ್ಯಾಕಿನಲ್ಲಿ 42 ಕಿಲೋಮೀಟರ್ ಚಿಲ್ಲರೆ ಅಂದರೆ 105 ಸುತ್ತು, ಮೇಲೆ ಅರ್ಧ ಸುತ್ತು. ಅವನ ಲೆಕ್ಕದಲ್ಲಿ ಒಂದು ಸುತ್ತಿಗೆ ಸುಮಾರು 69 ಸೆಕೆಂಡು. ಒಬ್ಬೊಬ್ಬರು ಒಂದೊಂದು ಸುತ್ತು ಓಡಿ ಬ್ಯಾಟನ್ ಕೊಡುವುದು, ಇಡೀ ಊರು ಸೇರಿ ಅವನೊಬ್ಬನ ಜೊತೆ ಓಡುವುದು. ಈ ಯೋಚನೆ ಕೊಟ್ಟದ್ದು ಹೈಸ್ಕೂಲಿನ ಪಿಟಿ ಮೇಷ್ಟ್ರು. ಮೇಷ್ಟ್ರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹಿಂದಿನ ದಿನ ಸಂಜೆ ಟ್ರ್ಯಾಕಿನ ಕಲ್ಲು ಆರಿಸಿ, ನೀರು ಹೊಡೆಸಿ, ಸುಣ್ಣದ ಗೆರೆ ಹಾಕಿದ್ದೂ ಅವರೇ, ಕ್ರೀಡಾಂಗಣದ ವಾಚ್‌ಮನ್ ಅಣ್ಣನೂ ಅವರ ಜೊತೆ ಬಗ್ಗಿದ್ದರು.

ಡಿಗ್ರಿ ಕಾಲೇಜಿನ ಹುಡುಗರು ಜೋರಾಗಿ ಹೊರಟು 62, 63 ಸೆಕೆಂಡಿಗೆ ಸುತ್ತು ಮುಗಿಸಿದರು. ಮುಗಿಸಿ ಅಲ್ಲೇ ಅಂಗಾತ ಬಿದ್ದುಕೊಂಡರು. ಉಸಿರು ಬಂದ ಮೇಲೆ ಒಬ್ಬ ಕೇಳಿದ, "ಸಾರ್, ಇದೇ ಥರ ಇನ್ನೂ 104 ಸುತ್ತಾ?" ಹೂಂ, 104 ಸುತ್ತು, ನಿಲ್ಲದೆ. ಆ ಹುಡುಗ ಆಮೇಲೆ ಮಾತಾಡಲಿಲ್ಲ, ಕೊನೆ ತನಕ ಗೆರೆಯ ಪಕ್ಕವೇ ನಿಂತು ಪ್ರತಿ ಸುತ್ತಿನ ಟೈಮು ಕೂಗಿದ. ಕೆಇಬಿ ಲೈನ್‌ಮನ್ ಅಣ್ಣಂದಿರು ಓಡಿದರು, ಮಾರ್ಕೆಟ್ಟಿನ ಹಮಾಲರು ಓಡಿದರು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಸೀರೆ ನೆರಿಗೆ ಎತ್ತಿ ಕಟ್ಟಿ ಓಡಿದರು. ಒಬ್ಬ ನಿವೃತ್ತ ಕಂಡಕ್ಟರ್ ಯಜಮಾನರು ಕೋಲು ಪಕ್ಕಕ್ಕಿಟ್ಟು ನಡೆದೇ ಒಂದು ಸುತ್ತು ಹಾಕಿದರು, ಅವರು ಬ್ಯಾಟನ್ ಕೊಡುವಾಗ ಎದ್ದ ಚಪ್ಪಾಳೆ ಅವತ್ತಿಡೀ ಇನ್ಯಾರಿಗೂ ಬೀಳಲಿಲ್ಲ. ಎಲ್ಲಾ ಸೇರಿ ನಮಗೆ ಎರಡೂಮುಕ್ಕಾಲು ಗಂಟೆ ಮೇಲೆ ಹಿಡಿಯಿತು. ಒಂದು ಊರೇ ಕಾಲು ಬದಲಿಸಿಕೊಂಡು ಓಡಿದರೂ ಆ ಒಬ್ಬ ಹುಡುಗನನ್ನು ಮುಟ್ಟಲಾಗಲಿಲ್ಲ. ಅವತ್ತು ನಮ್ಮೂರಿಗೆ ಕಿಪ್ಟಮ್ ಯಾರು ಅಂತ ಗೊತ್ತಾಯಿತು.

ಹಾಸ್ಟೆಲ್ಲಿನ ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನಾಲ್ಕು ಜನ ಹೆಸರು ಕೊಟ್ಟಿದ್ದರು. ಅವರಲ್ಲಿ ಶೂ ಇದ್ದದ್ದು ಒಂದೇ ಜೊತೆ, ಅದೂ ಯಾರೋ ಸೀನಿಯರ್ ಬಿಟ್ಟುಹೋದದ್ದು, ಸ್ವಲ್ಪ ದೊಡ್ಡದು. ಮೊದಲನೆಯವಳು ಮುಂದಕ್ಕೆ ಬಟ್ಟೆ ತುರುಕಿ ಲೇಸ್ ಎರಡು ಸಲ ಬಿಗಿದು ಓಡಿದಳು, 74 ಸೆಕೆಂಡು. ಬ್ಯಾಟನ್ ಕೊಟ್ಟವಳೇ ಕೂತು ಲೇಸ್ ಬಿಚ್ಚಿದಳು. ಮುಂದಿನ ಹುಡುಗಿ ಕಾಲು ತೂರಿಸಿ ತಯಾರಾದಳು. ಹಾಗೇ ಆ ಒಂದು ಜೊತೆ ನಾಲ್ಕೂ ಜನರ ಕಾಲಲ್ಲಿ ಸುತ್ತು ಹಾಕಿತು, ಅವರ ನಡುವೆ ಬೇರೆಯವರು ಓಡುವ ಹಾಗೆ ಮೇಷ್ಟ್ರು ಸದ್ದಿಲ್ಲದೆ ಪಟ್ಟಿ ಹಿಂದೆ ಮುಂದೆ ಮಾಡಿದ್ದರು. ಯಾರೂ ಇದನ್ನು ಯಾರಿಗೂ ತೋರಿಸಲಿಲ್ಲ. ಆ ಮಕ್ಕಳಿಗೆ ಅದು ದೊಡ್ಡ ವಿಷಯವೇ ಅಲ್ಲ, ದಿನಾ ಹಾಗೇ. ನೋಡುತ್ತಿದ್ದ ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಮಕ್ಕಳಾ, ನಿಮಗೂ ಥ್ಯಾಂಕ್ಸ್. ಯಾಕೆ ಈ ಓಟ ಅಂತ ಕೇಳಿದವರಿಗೆ ನೀವೇ ಉತ್ತರ ಕೊಟ್ಟಿರಿ.

ಇನ್ನು ಆ ರಾತ್ರಿಯ ಮಾತು. ಬರೆಯಲು ಕಷ್ಟ. 2024ರ ಫೆಬ್ರವರಿ 11, ಭಾನುವಾರ, ರಾತ್ರಿ 11ರ ಸುಮಾರು. ಕಪ್ಟಾಗಾಟ್ ಹತ್ತಿರ ಕಿಪ್ಟಮ್ ಓಡಿಸುತ್ತಿದ್ದ ಕಾರು ರಸ್ತೆ ಬಿಟ್ಟು ಹಳ್ಳಕ್ಕಿಳಿದು ಮರಕ್ಕೆ ಗುದ್ದಿತು. ಅವನೂ ಕೋಚ್ ಹಕಿಜಿಮಾನರೂ ಅಲ್ಲೇ ಹೋಗಿಬಿಟ್ಟರು. ಜೊತೆಗಿದ್ದ ಇನ್ನೊಬ್ಬರು ಉಳಿದರು. ಅವನಿಗೆ 24, ಕೋಚಿಗೆ 36. ಶಿಕಾಗೊ ದಾಖಲೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಧಿಕೃತ ಮುದ್ರೆ ಒತ್ತಿ ಕೆಲವೇ ದಿನ ಆಗಿತ್ತು. ಏಪ್ರಿಲ್‌ನಲ್ಲಿ ರಾಟರ್‌ಡ್ಯಾಮಿನಲ್ಲಿ ಎರಡು ಗಂಟೆಯ ಒಳಗೆ ಓಡುವ ಪ್ರಯತ್ನ ಮಾಡುತ್ತೇನೆ ಅಂದಿದ್ದ. ಆಮೇಲೆ ಪ್ಯಾರಿಸ್ ಒಲಿಂಪಿಕ್ಸ್ ಇತ್ತು. ಹೆಂಡತಿ, ಎರಡು ಪುಟ್ಟ ಮಕ್ಕಳು. ಒಬ್ಬನೇ ಮಗನನ್ನು ಕಳೆದುಕೊಂಡ ಅಪ್ಪ. ಫೆಬ್ರವರಿ 23ಕ್ಕೆ ನೈಬೇರಿಯಲ್ಲಿ ಮಣ್ಣು ಮಾಡಿದರು. ಕೀನ್ಯಾದ ಅಧ್ಯಕ್ಷರೇ ಬಂದಿದ್ದರು.

ಕೀನ್ಯಾಕ್ಕೆ ಇದು ಹೊಸ ನೋವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಮ್ಯಾರಥಾನ್ ಚಿನ್ನ ಗೆದ್ದ ಸ್ಯಾಮುಯೆಲ್ ವಂಜಿರು ತೀರಿಕೊಂಡಾಗಲೂ ಅವರಿಗೆ 24. 400 ಮೀಟರ್ ಹರ್ಡಲ್ಸ್ ವಿಶ್ವ ಚಾಂಪಿಯನ್ ನಿಕೋಲಸ್ ಬೆಟ್ 2018ರಲ್ಲಿ ಹೋದದ್ದು ರಸ್ತೆ ಅಪಘಾತದಲ್ಲೇ. ಕಿಪ್ಟಮ್ ಬದುಕಿದ್ದಿದ್ದರೆ ಎರಡು ಗಂಟೆಯ ಗೋಡೆ ಒಡೆಯುತ್ತಿದ್ದನಾ ಅಂತ ಓಟದವರು ಸೇರಿದಲ್ಲೆಲ್ಲಾ ಚರ್ಚೆ ಆಗುತ್ತದೆ. ನನಗೆ ಆ ಚರ್ಚೆ ಇಷ್ಟ ಆಗುವುದಿಲ್ಲ. ಆಗದೇ ಉಳಿದದ್ದರ ಲೆಕ್ಕ ಹಾಕುತ್ತಾ ಕೂತರೆ, ಆದದ್ದು ಎಷ್ಟು ದೊಡ್ಡದು ಅಂತ ನೋಡುವುದೇ ಇಲ್ಲ ನಾವು. ವಾರಕ್ಕೆ 250 ಕಿಲೋಮೀಟರಿಗೂ ಜಾಸ್ತಿ ಓಡುತ್ತಿದ್ದ, ಇಷ್ಟು ಬೇಡ ಮೈ ಕೆಟ್ಟೀತು ಅಂತ ಕೋಚೇ ಹೆದರುತ್ತಿದ್ದರು. ಅಷ್ಟು ದುಡಿದು ಆ ಹುಡುಗ ಮಾಡಿಟ್ಟು ಹೋದದ್ದು ನಮ್ಮ ಕಣ್ಣ ಮುಂದೆ ಇದೆ. ಶಿಕಾಗೊದ ಆ ಓಟವನ್ನು ಬದುಕಿರುವಾಗ ನೋಡಿದೆನಲ್ಲ, ಅದಕ್ಕೆ ಅವನಿಗೆ ಋಣಿ. ಅಟ್ಟಿಸಿ ಕಳಿಸಿದ್ದ ಹುಡುಗನನ್ನೇ ಹತ್ತಿರ ಕರೆದು ಬೆಳೆಸಿದ ಹಕಿಜಿಮಾನರಿಗೂ ಋಣಿ. ಅವರ ಹೆಸರು ಕಿಪ್ಟಮ್ ಹೆಸರಿನ ಪಕ್ಕದಲ್ಲೇ ಇರಬೇಕು ಅಂತ ನಮ್ಮ ಬ್ಯಾನರಿನಲ್ಲಿ ಇಬ್ಬರ ಫೋಟೋನೂ ಒಂದೇ ಅಳತೆಗೆ ಹಾಕಿಸಿದ್ದೆವು.

ಉಳಿದ ಥ್ಯಾಂಕ್ಸ್‌ಗಳು. ಬೆಳಗ್ಗೆ ಆರಕ್ಕೇ ಚಿತ್ರಾನ್ನದ ಪಾತ್ರೆ ತಂದಿಳಿಸಿದ ಸಂಘದ ಅಕ್ಕಂದಿರಿಗೆ. ಓಡಿದ ಮಕ್ಕಳ ಹತ್ತಿರ ದುಡ್ಡು ಮುಟ್ಟದ ಎಳನೀರು ಅಣ್ಣನಿಗೆ. ಮಾತ್ರೆ, ಗ್ಲೂಕೋಸ್, ಸ್ಪ್ರೇ ಹಿಡಿದುಕೊಂಡು ಇಡೀ ಬೆಳಗ್ಗೆ ನೆರಳಲ್ಲಿ ಕಾದು ಕೂತ ಮೆಡಿಕಲ್ ಸ್ಟೋರ್ ಗೆಳೆಯನಿಗೆ. ಹಾಸ್ಟೆಲ್ ಮಕ್ಕಳನ್ನು ಕರೆತಂದು ಬಿಟ್ಟ ಆಟೋ ಸ್ಟ್ಯಾಂಡಿನವರಿಗೆ. ದುಬೈಯಿಂದ, ಬೆಂಗಳೂರಿನಿಂದ ದುಡ್ಡು ಕಳಿಸಿ, ಹೆಸರು ಹಾಕಬೇಡಿ ಅಂದ ನಮ್ಮೂರ ಹುಡುಗರಿಗೆ. ನಿಮ್ಮ ಮಾತಿನಂತೆ ಹೆಸರು ಹಾಕಿಲ್ಲ.

ಶೂ ವಿಷಯ. ಬಂದ ದುಡ್ಡಲ್ಲಿ ಹಾಸ್ಟೆಲ್ಲಿನ ನಾಲ್ಕೂ ಜನರಿಗೆ ಸೇರಿ, ನಮ್ಮ ಮೇಷ್ಟ್ರು ಕೊಟ್ಟ ಪಟ್ಟಿಯಲ್ಲಿದ್ದ ಎಲ್ಲಾ ಮಕ್ಕಳಿಗೂ ಓಟದ ಶೂ ಆಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಶೂ ಅಂಗಡಿಯವರು ಅಸಲು ಬೆಲೆಗೇ ಕೊಟ್ಟರು, ಮಕ್ಕಳನ್ನು ಕೂರಿಸಿಕೊಂಡು ಒಬ್ಬೊಬ್ಬರ ಕಾಲೂ ಅಳೆದರು. ಬಿಲ್ಲುಗಳನ್ನು ಕ್ರೀಡಾಂಗಣದ ಆಫೀಸಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ, ಯಾರು ಬೇಕಾದರೂ ನೋಡಬಹುದು. ಬೆಳೆಯುವ ಮಕ್ಕಳು, ವರ್ಷಕ್ಕೆಲ್ಲಾ ಕಾಲಿಗೆ ಚಿಕ್ಕದಾಗುತ್ತದೆ. ಚಿಕ್ಕದಾದ ಶೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ತೊಳೆದು ಒಣಗಿಸಿ ಮೇಷ್ಟ್ರ ಹತ್ತಿರ ಕೊಡಿ, ಮುಂದಿನವರಿಗೆ ಆಗುತ್ತದೆ ಅಂತ ಮಕ್ಕಳಿಗೆ ಹೇಳಿದ್ದೇವೆ. ನಿಮ್ಮ ಮನೆಯಲ್ಲೂ ಇನ್ನೂ ಓಡಬಲ್ಲ ಶೂ ಸುಮ್ನೆ ಬಿದ್ದಿದ್ದರೆ ಕೊಡಿ. 4, 5ನೇ ಸೈಜಿನದು ಜಾಸ್ತಿ ಬೇಕು. ದಿನಾ ಸಂಜೆ ಐದರ ಮೇಲೆ ಮೇಷ್ಟ್ರು ಗ್ರೌಂಡಿನಲ್ಲೇ ಇರುತ್ತಾರೆ.